ಅಪ್‌ಡೇಟ್: ಕೆಂಪುಕಲ್ಲಿನ ಟಿಪ್ಪರ್, ಪದೇ ಪದೇ ಉರಿಯುತ್ತಿದ್ದ ಡಿಪಿಎಫ್ ಲೈಟ್

ಕೇಳಿದ್ದು ಇಷ್ಟು: ಕುಂಬಳೆ ಕಡೆ ಕೆಂಪುಕಲ್ಲು ಹೊರುವ ಬಿಎಸ್6 ಟಿಪ್ಪರ್‌ನಲ್ಲಿ ಪಾರ್ಕ್ಡ್ ರೀಜನ್ (ಗಾಡಿ ನಿಲ್ಲಿಸಿ ಫಿಲ್ಟರ್‌ನ ಮಸಿ ಸುಡುವುದು) ಮುಗಿದರೂ ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಲೈಟ್ ಮತ್ತೆ ಬರುತ್ತಿದೆ, ಫಿಲ್ಟರ್ ಬದಲಿಸಬೇಕೇ? ಬೇಡ. ಫಿಲ್ಟರ್ ಸರಿಯಿತ್ತು.

ಮೊದಲು ಸ್ಕ್ಯಾನರ್ ಹಾಕಿ, ಇಂಜಿನ್ ಆಫ್ ಇಟ್ಟು ಕೀ ಮಾತ್ರ ಆನ್ ಮಾಡಿ ಡಿಫರೆನ್ಷಿಯಲ್ ಪ್ರೆಶರ್ (ಫಿಲ್ಟರ್‌ನ ಎರಡು ಬದಿಯ ಒತ್ತಡದ ವ್ಯತ್ಯಾಸ) ನೋಡಿದೆವು. ಆಗ ಸೊನ್ನೆ ತೋರಿಸಬೇಕು. ನಮ್ಮದು ಸೊನ್ನೆಯೇ ಇತ್ತು. ಅಂದರೆ ಸೆನ್ಸರ್ ಸುಳ್ಳು ಹೇಳುತ್ತಿಲ್ಲ, ಮಸಿ ನಿಜವಾಗಿಯೂ ಹೆಚ್ಚು ತುಂಬುತ್ತಿದೆ. ಹುಡುಕಬೇಕಾದದ್ದು ಫಿಲ್ಟರ್‌ನ ಹಿಂದೆ ಅಲ್ಲ, ಮುಂದೆ, ಇಂಜಿನ್ ಕಡೆ.

ಸಿಕ್ಕಿದ್ದು ಟರ್ಬೊ ಗಾಳಿ ತಣಿಸುವ ಇಂಟರ್‌ಕೂಲರ್‌ನ ಹೋಸ್‌ನಲ್ಲಿ. ಕ್ಲಾಂಪ್‌ನ ಅಡಿಭಾಗದಲ್ಲಿ ಎಣ್ಣೆ ಬೆರೆತ ಕರಿ ಗೆರೆ, ಅದರ ಮೇಲೆ ಕೆಂಪು ಧೂಳು ಅಂಟಿ ಗಟ್ಟಿಯಾಗಿತ್ತು. ಒರೆಸಿ ಹೋಸ್ ಬಾಗಿಸಿದಾಗ ಬಿರುಕು ಬಾಯಿಬಿಟ್ಟಿತು. ಲೋಡ್‌ನಲ್ಲಿ ಟರ್ಬೊ ಗಾಳಿ ಅಲ್ಲಿಂದ ಸೋರಿದರೆ ಡೀಸೆಲ್ ಪೂರ್ತಿ ಉರಿಯದೆ ಮಸಿಯಾಗುತ್ತದೆ. ಹೋಸ್, ಕ್ಲಾಂಪ್ ಎರಡೂ ಹೊಸದು ಹಾಕಿ, ಏರ್ ಫಿಲ್ಟರ್ ಬದಲಿಸಿ, ಒಮ್ಮೆ ರೀಜನ್ ಮಾಡಿಸಿದ ಮೇಲೆ ಲೈಟ್ ಬಂದಿಲ್ಲ.

ರೀಜನ್‌ನಲ್ಲಿ ಸುಮಾರು 600 ಡಿಗ್ರಿಗೆ ಮಸಿ ಉರಿಯುತ್ತದೆ, ಇಂಜಿನ್ ಎಣ್ಣೆಯ ಬೂದಿ ಉರಿಯುವುದಿಲ್ಲ. ಅದಕ್ಕೇ ಕಂಪನಿ ಹೇಳಿದ ಲೋ ಆ್ಯಶ್ ಎಣ್ಣೆಯನ್ನೇ ಹಾಕಿ. ಬೂದಿ ತುಂಬಿದರೆ ಫಿಲ್ಟರ್ ಕಳಚಿ ಯಂತ್ರದಲ್ಲೇ ಕ್ಲೀನ್ ಮಾಡಿಸಬೇಕು. ವಾಟರ್ ಸರ್ವಿಸ್‌ನ ಜೆಟ್ ಹೊಡೆಸಲೇಬೇಡಿ, ಒಳಗಿನ ಸೆರಾಮಿಕ್ ಒಡೆಯುತ್ತದೆ.

ಡಿಇಎಫ್ (ಹೊಗೆ ಶುದ್ಧಿಗೆ ಸಿಂಪಡಿಸುವ ಯೂರಿಯಾ ದ್ರವ) ನಳಿಕೆಯ ತುದಿಯಲ್ಲೂ ಬಿಳಿ ಹರಳು ಕಟ್ಟಿತ್ತು. ಅದು ಯೂರಿಯಾ, ಬಿಸಿನೀರಿಗೆ ಕರಗಿತು, ಕೆರೆಯುವ ಅಗತ್ಯ ಬೀಳಲಿಲ್ಲ. ಗಡಿಯ ತಲಪಾಡಿಯ ಆಚೆ ಈಚೆ ಎಲ್ಲಿ ಡಿಇಎಫ್ ತುಂಬಿಸಿದರೂ ಸೀಲ್ ಇರುವ ಕ್ಯಾನ್, 32.5 ಶೇಕಡಾ ಯೂರಿಯಾ ಎಂದು ನೋಡಿಯೇ ತುಂಬಿಸಿ.