ಮಗು ಮಲಗಿದ ಹೊತ್ತಲ್ಲಿ ಉಣ್ಣೆಗೆ ಬಣ್ಣ: ಕಲೆಕಲೆ ಆಗ್ತಿದೆ, ಏನ್ಮಾಡ್ಲಿ?

ಪ್ರಶ್ನೆ:
ಮಗಳಿಗೆ ಒಂದೂವರೆ ವರ್ಷ. ಅವಳು ಮಧ್ಯಾಹ್ನ ಮಲಗೋ ಹೊತ್ತೇ ನನ್ನ ಬಣ್ಣದ ಹೊತ್ತು. ನಿನ್ನೆ ಕುದಿಯೋ ನೀರಿಗೆ ನೀಲಿ ಆಸಿಡ್ ಡೈ (ಹುಳಿ ಸೇರಿಸಿ ಉಣ್ಣೆಗೆ ಹಿಡಿಸೋ ಬಣ್ಣ), ವಿನೆಗರ್ ಎರಡನ್ನೂ ಸುರಿದು 100 ಗ್ರಾಂ ಉಣ್ಣೆ ಲಡಿಯನ್ನ ಒಣಗಿದ್ದ ಹಾಗೇ ಮುಳುಗಿಸಿದೆ. ಅಷ್ಟರಲ್ಲಿ ಅವಳು ಎದ್ದು ಅತ್ತಳು, ಒಲೆ ಆರಿಸಿ ಓಡಿದೆ. ಆಮೇಲೆ ನೋಡಿದ್ರೆ ಲಡಿಯ ಹೊರಗೆ ಕಡುನೀಲಿ, ಒಳಗೆ ಪೇಲವ, ದಾರ ಬಿಗಿದಲ್ಲೆಲ್ಲ ಬಿಳಿ ಉಂಗುರ. ಅವಳಿಗೇ ಟೋಪಿ ಹೆಣೆಯೋಣ ಅಂತಿದ್ದೆ, ತುಂಬಾ ಬೇಜಾರಾಯ್ತು.

ಉತ್ತರ 1:
ನನಗೆ ಅವಳಿ ಮಕ್ಕಳು, ಹಾಗಾಗಿ ಈ ಓಟ ಚೆನ್ನಾಗಿ ಗೊತ್ತು. ಹುಳಿ ಮತ್ತು ಬಿಸಿ ಎರಡೂ ಒಟ್ಟಿಗೆ ಸಿಕ್ಕರೆ ಉಣ್ಣೆ ಬಣ್ಣವನ್ನ ಗಬಕ್ಕನೆ ಎಳ್ಕೊಳ್ಳುತ್ತೆ. ಒಳಗಿನ ಎಳೆ ನೆನೆಯೋ ಮೊದಲೇ ಹೊರಗಿನ ಎಳೆ ಎಲ್ಲಾ ಕುಡಿದಿರುತ್ತೆ.

ನಾನು ಬೆಳಿಗ್ಗೆಯೇ ಲಡಿ ನೆನೆಹಾಕ್ತೀನಿ. ಅರ್ಧ ಗಂಟೆ ಸಾಕು, ಮಧ್ಯಾಹ್ನದವರೆಗೆ ಬಿಟ್ಟರೂ ತೊಂದರೆಯಿಲ್ಲ. ಕಟ್ಟೋ ದಾರ ಬೆರಳು ತೂರುವಷ್ಟು ಸಡಿಲ ಇರಲಿ. ಮಕ್ಕಳು ಮಲಗಿದ ಮೇಲೆ ತಣ್ಣೀರಿಗೆ ಬಣ್ಣ ಬೆರೆಸಿ, ಲಡಿ ಇಳಿಸಿ, ಸಣ್ಣ ಉರಿ. ಹಬೆ ಏಳೋವಾಗ ಲಡಿಯನ್ನ ಪಕ್ಕಕ್ಕೆ ಎತ್ತಿ ವಿನೆಗರ್ ಅನ್ನು ಮೂರು ಸಲವಾಗಿ ಹಾಕಿ. 80-85 ಡಿಗ್ರಿಯಲ್ಲಿ ಅರ್ಧ ಗಂಟೆ. ಕುದಿಸಿ ಕಲಕಿದರೆ ಎಳೆಗೆ ಎಳೆ ಅಂಟಿ ಗಟ್ಟಿಯಾಗುತ್ತೆ.

ಮಧ್ಯೆ ಮಗು ಎದ್ದರೆ ಒಲೆ ಆರಿಸಿ, ಮುಚ್ಚಳ ಮುಚ್ಚಿ, ಪಾತ್ರೆ ಅವಳ ಕೈಗೆ ಎಟುಕದ ಕಡೆ ಇಡಿ. ರಾತ್ರಿ ಮತ್ತೆ ನಿಧಾನಕ್ಕೆ ಬಿಸಿ ಮಾಡಿದರಾಯ್ತು. ಚಮಚದಲ್ಲಿ ನೀರೆತ್ತಿ ಬಿಳಿ ಬಟ್ಟಲಿಗೆ ಹಾಕಿ ನೋಡಿ: ಬಣ್ಣವೆಲ್ಲ ನೂಲಿಗೆ ಹತ್ತಿ, ಬರೀ ತಿಳಿನೀರು ಉಳಿದಿರುತ್ತೆ. ಅದನ್ನ ನೋಡೋಕೆ ಅಂತಲೇ ನಾನು ಇವತ್ತಿಗೂ ಬಣ್ಣ ಹಾಕ್ತೀನಿ. ರಾತ್ರಿಯಿಡೀ ಅದೇ ನೀರಲ್ಲಿ ಆರಲಿ.

ಉತ್ತರ 2:
ಮೇಲಿನವರು ಪುಡಿಯ ವಿಷಯ ಹೇಳಲಿಲ್ಲ, ನನಗೆ ಅದೇ ಮುಖ್ಯ. ಡೈ ಪುಡಿ ಗಾಳಿಯಲ್ಲಿ ತೇಲುತ್ತೆ, ಉಸಿರಲ್ಲಿ ಹೋಗಬಾರದು. ಮಗು ಮನೇಲಿ ಇಲ್ಲದ ದಿನ ಮಾಸ್ಕ್, ಕೈಗವಸು ಹಾಕಿ, ಒದ್ದೆ ಪೇಪರ್ ಹಾಸಿ, 10 ಗ್ರಾಂ ಪುಡಿಯನ್ನ ಒಂದು ಲೀಟರ್ ನೀರಿಗೆ ಕರಗಿಸಿಡಿ. 100 ಗ್ರಾಂ ನೂಲಿಗೆ ಅದರಲ್ಲಿ 100 ಮಿಲೀ ಹಾಕಿದರೆ ಒಳ್ಳೆ ಬಣ್ಣ ಬರುತ್ತೆ. ಬಾಟಲಿಗೆ ಹೆಸರು ಬರೆದು ಬೀಗದೊಳಗಿಡಿ. ಡೈ ಮಾಡಿದ ಪಾತ್ರೆ ಮತ್ತೆ ಅಡುಗೆಗೆ ಬೇಡವೇ ಬೇಡ.

ಪ್ರಶ್ನೆ ಕೇಳಿದವರು:
ತುಂಬಾ ಥ್ಯಾಂಕ್ಸ್. ಹಳೇ ಲಡಿಯ ಕಟ್ಟು ಸಡಿಲಿಸಿ, ಅದರ ಮೇಲೇ ಕಡುನೀಲಿ ಹಾಕಿದೆ. ಉಂಗುರ ಮುಚ್ಚಿಹೋಯ್ತು. ಆದರೆ ಕಟ್ಟಿದ ಹತ್ತಿ ದಾರ ಮಾತ್ರ ಬಹುತೇಕ ಬಿಳಿಯಾಗೇ ಇದೆ!

ಉತ್ತರ 1:
ಆಸಿಡ್ ಡೈ ಹತ್ತಿಗೆ ಹಿಡಿಯಲ್ಲ. ಹತ್ತಿಗೆ ರಿಯಾಕ್ಟಿವ್ ಡೈ ಅನ್ನೋ ಬೇರೆ ಜಾತಿ ಬಣ್ಣ, ಜೊತೆಗೆ ವಾಷಿಂಗ್ ಸೋಡಾ ಬೇಕು. ಟೋಪಿ ಆದ ಮೇಲೆ ಇಲ್ಲೇ ಫೋಟೋ ಹಾಕಿ.