ಸೋಮವಾರದ ತನಕ ರಜ

"ಆನ್ ಲೀವ್ ಟಿಲ್ ಮಂಡೇ" ಎಂದು ಮೇಲ್ ಹಾಕಿ ಮಂಜ ಊರಿಗೆ ಹೋಗಿದ್ದ. ಸೋಮವಾರ ಬೆಳಿಗ್ಗೆ ಹತ್ತಕ್ಕೆ ಮ್ಯಾನೇಜರ್ ಫೋನು: "ಎಲ್ಲಿದೀಯಪ್ಪಾ, ಎಲ್ಲರೂ ಕಾಯ್ತಿದಾರೆ!" ಮಂಜ ತೋಟದಲ್ಲಿ ಎಳನೀರಿಗೆ ಬಾಯಿ ಹಚ್ಚಿ ನಿಂತಿದ್ದ.

"ಟಿಲ್ ಮಂಡೇ ಅಂದ್ರೆ ಮಂಡೇನೂ ಸೇರಿ ತಾನೇ?" ಎಂದು ಕಾಫಿ ಮೇಜಿನ ಮುಂದೆ ನ್ಯಾಯ ಕೇಳಿದ. ನ್ಯಾಯಾಧೀಶರು ರಂಗಣ್ಣ ಮೇಷ್ಟ್ರು. ಇಂಗ್ಲಿಷ್ ಕಲಿಸಿ ನಿವೃತ್ತರಾದರೂ ತಿದ್ದುವ ಕೈ ಇನ್ನೂ ನಿವೃತ್ತವಾಗಿಲ್ಲ. ಹೋಟೆಲಿನ ಮೆನುವನ್ನೂ ಬಿಡುವವರಲ್ಲ.

"ಸೇರಬಹುದು, ಸೇರದೇ ಇರಬಹುದು" ಎಂದರು ಮೇಷ್ಟ್ರು. "ಇಂಗ್ಲಿಷಿನವರಿಗೇ ಈ ಜಗಳ ಇದೆ. ಅದಕ್ಕೇ ಅಮೆರಿಕದವರು 'ಥ್ರೂ ಮಂಡೇ' ಅಂತಾರೆ. ಅಲ್ಲಿಗೆ ಸೋಮವಾರಾನೂ ಪೂರ್ತಿ ರಜ. ನೀನು 'ಬ್ಯಾಕ್ ಆನ್ ಟ್ಯೂಸ್‌ಡೇ' ಅಂತ ಬರೆದಿದ್ರೆ ಎಳನೀರಾದ್ರೂ ನೆಮ್ಮದಿಯಾಗಿ ಇಳೀತಿತ್ತು."

ಗಿರಿಜಾ ಎಚ್‌ಆರ್‌ನವಳು, ಇಂಥ ಮೇಲುಗಳನ್ನು ಓದಿ ಓದಿ ಪಳಗಿದವಳು. "ಅದು ಬಿಡಿ ಸಾರ್, 'ವಿತಿನ್ ಫ್ರೈಡೇ ಕೊಡ್ತೀನಿ' ಅಂತ ಬರೀತಾರಲ್ಲ, ಅದಕ್ಕೇನು ಹೇಳ್ತೀರಿ?"

"ಅದು ನಮ್ಮ 'ಶುಕ್ರವಾರದೊಳಗೆ' ಪ್ಯಾಂಟು ಹಾಕ್ಕೊಂಡು ಬಂದಿರೋದಮ್ಮ. ವಿತಿನ್ ಆದ್ರೆ ಅಳತೆ ಹೇಳು: ವಿತಿನ್ ಟೂ ಡೇಸ್. ಶುಕ್ರವಾರ ಅನ್ನೋದು ಗಡುವು, ಅದಕ್ಕೆ ಬೈ ಫ್ರೈಡೇ. ಅಂಟಿಲ್ ಫ್ರೈಡೇ ಕೊಡ್ತೀನಿ ಅಂದ್ಯೋ, ಅಲ್ಲಿ ತನಕ ಕೊಡ್ತಾನೇ ಇರಬೇಕು."

"ನಮ್ಮ ಚೀಟಿ ಹಣದ ಥರ" ಎಂದ ಮಂಜ.

ಮೇಷ್ಟ್ರು ಹುರುಪಾದರು. ಗಡಿಯಾರದ ಗಂಟೆಗೆ ಅಟ್, ದಿನಕ್ಕೆ, ತಾರೀಕಿಗೆ ಆನ್, ತಿಂಗಳಿಗೆ, ವರ್ಷಕ್ಕೆ ಇನ್ ಎಂದು ಬೆರಳು ಮಡಚಿದರು. ಇನ್ ದಿ ಮಾರ್ನಿಂಗ್, ಇನ್ ದಿ ಈವ್ನಿಂಗ್, ಆದರೆ ಅಟ್ ನೈಟ್.

"ರಾತ್ರಿ ಏನು ಪಾಪ ಮಾಡಿತ್ತು ಸಾರ್?"

"ಅದನ್ನ ಇಂಗ್ಲಿಷಿನವರನ್ನೇ ಕೇಳು. ಅದೂ ಪೂರ್ತಿ ಖಾಯಂ ಅಲ್ಲ. ರಾತ್ರಿ ನಡುವೆ ಎದ್ದು ಸೊಳ್ಳೆ ಹೊಡೆದೆ ಅನ್ನು, ಇನ್ ದಿ ನೈಟ್ ಆಗತ್ತೆ. ಬೆಳಿಗ್ಗೆ ಪಕ್ಕ ಸೋಮವಾರ ಬಂದು ಕೂತರೆ ಇನ್ ಎದ್ದು ಹೋಗಿ ಆನ್ ಕೂರತ್ತೆ: ಆನ್ ಮಂಡೇ ಮಾರ್ನಿಂಗ್. ನೆಕ್ಸ್ಟ್, ಲಾಸ್ಟ್ ಬಂದ್ವೋ, ಮೂರೂ ಜಾಗ ಖಾಲಿ ಮಾಡ್ತಾವೆ. 'ಆನ್ ನೆಕ್ಸ್ಟ್ ಮಂಡೇ' ಅಂದ್ರೆ ನನಗೆ ಹಲ್ಲು ಜುಂ ಅನ್ನತ್ತೆ."

"ಹಲ್ಲು ಬಿಡಿ, ನನಗೆ ಮೊಣಕಾಲು ನೋವು ಸಿನ್ಸ್ ಫೈವ್ ಇಯರ್ಸ್" ಎಂದೆ ನಾನು. ಬೇಕೆಂದೇ ಎಂದದ್ದು.

"ಫಾರ್!" ಲೋಟ ಕುಕ್ಕಿದರು ಮೇಷ್ಟ್ರು. "ಐದು ವರ್ಷ'ದಿಂದ' ಅಂತ ಬಾಯಿಗೆ ಬಂದದ್ದಕ್ಕೇ ಸಿನ್ಸ್ ಅಂಟಿಸ್ತೀರಿ. ಸಿನ್ಸ್‌ಗೆ ಶುರುವಾದ ಜಾಗ ಬೇಕು. ಸಿನ್ಸ್ 2019 ಅನ್ನು, ಸಿನ್ಸ್ ಮೈ ವೆಡ್ಡಿಂಗ್ ಅನ್ನು."

"ಅದೇ ಸಾರ್ ಸರಿ, ಅವತ್ತಿಂದಾನೇ" ಎಂದೆ. ಮನೆಯವಳು ಅಲ್ಲಿರಲಿಲ್ಲ, ಧೈರ್ಯಕ್ಕೇನು.

ಗಿರಿಜಾಗೆ ಆನ್ ಟೈಮ್, ಇನ್ ಟೈಮ್ ಎರಡೂ ಒಂದೇ ಅಲ್ಲವೇ ಎಂಬ ಅನುಮಾನ. ಇದಕ್ಕೆ ಮೇಷ್ಟ್ರು ಬಾಯಿ ತೆರೆಯುವ ಮೊದಲೇ ಮಂಜ ತೀರ್ಪು ಕೊಟ್ಟ: "ಮದುವೇಲಿ ಮುಹೂರ್ತದ ಹೊತ್ತಿಗೆ ಸರಿಯಾಗಿ ಹೋದ್ರೆ ಆನ್ ಟೈಮ್. ಕೊನೇ ಪಂಕ್ತಿ ಏಳೋದ್ರೊಳಗೆ ಎಲೆ ಮುಂದೆ ಕೂತ್ರೆ ಇನ್ ಟೈಮ್. ನಾನು ಜೀವನದಲ್ಲಿ ಆನ್ ಟೈಮ್ ಹೋದವನಲ್ಲ, ಇನ್ ಟೈಮ್ ತಪ್ಪಿಸಿದವನೂ ಅಲ್ಲ." ವ್ಯಾಕರಣದ ಪುಸ್ತಕಗಳಲ್ಲಿ ಇಷ್ಟು ಚೊಕ್ಕ ಉದಾಹರಣೆ ನಾನು ನೋಡಿಲ್ಲ. ಮೇಷ್ಟ್ರೂ ತಲೆಯಾಡಿಸಿದರು, ಸ್ವಲ್ಪ ಹೊಟ್ಟೆಕಿಚ್ಚಿನಿಂದ.

ಗಿರಿಜಾಳ ತಂಗಿ ಮ್ಯಾಂಚೆಸ್ಟರಿನಲ್ಲಿ, ಭಾವಮೈದುನ ಮ್ಯೂನಿಕ್ಕಿನಲ್ಲಿ. ಅಲ್ಲಿ ಇನ್ನೊಂದು ಪೇಚು. ಬ್ರಿಟಿಷರು "ಹಾಫ್ ಸೆವೆನ್" ಎಂದರೆ ಹಾಫ್ ಪಾಸ್ಟ್ ನುಂಗಿಕೊಂಡ ಏಳೂವರೆ. ಜರ್ಮನರ "ಹಾಲ್ಬ್ ಸೀಬನ್" ಅಕ್ಷರಕ್ಕೆ ಅಕ್ಷರ ಅದೇ, ಆದರೆ ಏಳಕ್ಕೆ ಅರ್ಧ ಗಂಟೆ ಬಾಕಿ ಎಂಬ ಲೆಕ್ಕದಲ್ಲಿ ಆರೂವರೆ. "ಇಬ್ಬರೂ ಸೇರಿ ವಿಡಿಯೋ ಕಾಲ್ ಇಟ್ಕೊಂಡ್ರೆ ಒಬ್ಬರು ಬರೋ ಹೊತ್ತಿಗೆ ಇನ್ನೊಬ್ಬರು ಮುನಿಸ್ಕೊಂಡು ಹೋಗಿರ್ತಾರೆ."

"ಆಮೇಲೆ ಇಬ್ಬರ ನಡುವಿನ ಒಂದು ಗಂಟೆ ಗಡಿಯಾರದ ವ್ಯತ್ಯಾಸ ಬೇರೆ" ಎಂದರು ಮೇಷ್ಟ್ರು ಖುಷಿಯಿಂದ.

ಅಷ್ಟರಲ್ಲಿ ಮಂಜನ ಫೋನು. "ಬಂದೆ ಬಂದೆ, ಐದೇ ನಿಮಿಷ" ಎಂದು ಇಟ್ಟು, ಇನ್ನೊಂದು ಬೈಟೂ ಹೇಳಿದ.

"ಇನ್ ಫೈವ್ ಮಿನಿಟ್ಸ್ ಅಂದ್ರೆ ಐದು ನಿಮಿಷ ಮುಗಿದ ಕೂಡಲೇ ಅಂತ, ವಿತಿನ್ ಅಂದ್ರೆ ಅದಕ್ಕೂ ಮುಂಚೆ..." ಮೇಷ್ಟ್ರು ಶುರು ಮಾಡಿದರು.

"ಸಾರ್, ನಾನು ಹೇಳಿದ್ದು 'ಬಂದೆ'. ಪಾಸ್ಟ್ ಟೆನ್ಸು. ಕೆಲಸ ಆಗಿಹೋಗಿದೆ, ಇನ್ನು ಇನ್ ಯಾಕೆ, ವಿತಿನ್ ಯಾಕೆ?" ಎಂದು ಮಂಜ ಲೋಟ ಈಚೆ ಎಳೆದುಕೊಂಡ.