ಕಬಿನಿಗೆ ಹದಿನಾರು ಜನ, ಎರಡೇ ಸಫಾರಿ: ಹೇಗೆ ಹೊಂದಿಸುವುದು?

ಕೇಳಿದವರು, ಬೆಂಗಳೂರು
ಏಪ್ರಿಲ್ ಎರಡನೇ ವಾರ ಕಾರಾಪುರದ ಲಾಡ್ಜ್‌ಗೆ ಹದಿನಾರು ಜನ ಹೊರಟಿದ್ದೇವೆ. ಅರವತ್ತು ದಾಟಿದವರು ಮೂವರು, ಮಕ್ಕಳು ಇಬ್ಬರು, ಉದ್ದ ಲೆನ್ಸ್ ಹಿಡಿದವರು ನಾಲ್ವರು. ಒಂದೇ ರಾತ್ರಿ. ಸಂಜೆ ಒಂದು ಸಫಾರಿ, ಬೆಳಿಗ್ಗೆ ಒಂದು. ಜೀಪು ಯಾವಾಗ, ದೋಣಿ ಯಾವಾಗ? ಯಾರನ್ನು ಎಲ್ಲಿ ಕೂರಿಸಬೇಕು? ಬಲ್ಲವರು ತಿಳಿಸಿ.

ಮೈಸೂರಿನಿಂದ
ಮೊದಲು ದಾರಿ. ಮ್ಯಾಪಿನಲ್ಲಿ ಬರೀ ‘ಕಬಿನಿ’ ಅಂತ ಹಾಕಿದರೆ ಬೀಚನಹಳ್ಳಿ ಅಣೆಕಟ್ಟೆಗೋ ಹಿನ್ನೀರಿನ ಆಚೆ ದಡದ ಯಾವುದೋ ರೆಸಾರ್ಟಿಗೋ ಹೋಗಿ ನಿಲ್ಲುತ್ತೀರಿ. ಎದುರಿಗೇ ಕಾಣುವ ಈಚೆ ದಡಕ್ಕೆ ಬರಲು ಮತ್ತೆ ಸುತ್ತು ಹೊಡೆಯಬೇಕು. ನಿಮ್ಮ ದಾರಿ ಮೈಸೂರು, ಹ್ಯಾಂಡ್‌ಪೋಸ್ಟ್, ಅಂತರಸಂತೆ, ಕಾರಾಪುರ. ಇನ್ನೂರು ಕಿಲೋಮೀಟರ್ ಮೇಲಾಗುತ್ತದೆ. ಹದಿನಾರು ಜನರ ತಿಂಡಿ, ಕಾಫಿ, ಶೌಚಾಲಯ ಎಲ್ಲ ಸೇರಿಸಿ ಆರು ಗಂಟೆ ಇಟ್ಟುಕೊಳ್ಳಿ. ಬೆಳಿಗ್ಗೆ 6ಕ್ಕೆ ಹೊರಟರೆ ಊಟಕ್ಕೆ ಸರಿಹೋಗುತ್ತದೆ. ಮೂರರ ಹೊತ್ತಿಗೆ ಚಹಾ, ಮೂರೂವರೆ ಸುಮಾರಿಗೆ ಗಾಡಿ ಹೊರಡುತ್ತದೆ. ತಡವಾಗಿ ಬಂದವರಿಗಾಗಿ ಅದು ಕಾಯುವುದಿಲ್ಲ, ಕಾಡಿನಿಂದ ಹೊರಬರುವ ಸಮಯವೂ ಮುಂದೆ ಹೋಗುವುದಿಲ್ಲ.

ಪ್ರತಿಯೊಬ್ಬರ ಮೂಲ ಗುರುತಿನ ಚೀಟಿಯೂ ಕೈಯಲ್ಲಿರಲಿ. ದೊಡ್ಡ ಲೆನ್ಸ್‌ಗೆ ಅರಣ್ಯ ಇಲಾಖೆಯ ಶುಲ್ಕ ಬೇರೆ. ದರ ಬದಲಾಗುತ್ತಿರುತ್ತದೆ, ಬುಕ್ ಮಾಡುವಾಗಲೇ ಕೇಳಿ. ಅದೇ ಫೋನಿನಲ್ಲಿ ಸಫಾರಿ ನಡೆಯುತ್ತಿದೆಯೇ ಎಂಬುದನ್ನೂ ವಿಚಾರಿಸಿ. ಹುಲಿ ದಾಳಿಯಲ್ಲಿ ಜನ ಸತ್ತ ಮೇಲೆ 2025ರ ನವೆಂಬರ್‌ನಲ್ಲಿ ಕಬಿನಿ ಸಫಾರಿ ನಡೆಯುವ ನಾಗರಹೊಳೆ, ಪಕ್ಕದ ಬಂಡೀಪುರ ಎರಡೂ ಕಡೆ ಸಫಾರಿಯನ್ನೇ ನಿಲ್ಲಿಸಿದ್ದರು.

ಗುಂಪು ಪ್ರವಾಸ ನಡೆಸುವವರು
ಆಸನದ ವಿಷಯ ಹೇಳುತ್ತೇನೆ. ಜಗಳ ಆಗುವುದು ಅಲ್ಲೇ.

ಒಂದೇ ದೊಡ್ಡ ಕ್ಯಾಂಟರ್ (ಸಫಾರಿಯ ತೆರೆದ ಬಸ್ಸು) ಬೇಡ. ಎತ್ತರದಿಂದ ಚೆನ್ನಾಗಿ ಕಾಣುತ್ತದೆ, ನಿಜ. ಆದರೆ ಒಬ್ಬರು ಎದ್ದರೂ ಗಾಡಿ ಅಲುಗುತ್ತದೆ, ಎಡಗಡೆ ಏನಾದರೂ ಕಂಡರೆ ಬಲಗಡೆಯವರೆಲ್ಲ ಆ ಕಡೆ ವಾಲುತ್ತಾರೆ. ಎರಡು ಜೀಪು ಕೇಳಿ. ಹಂಚುವಾಗ ಮನೆತನ ನೋಡಬೇಡಿ, ತಾಳ್ಮೆ ನೋಡಿ. ಕ್ಯಾಮೆರಾದವರು ಒಂದು ಕೆರೆಯ ಹತ್ತಿರ ಅರ್ಧ ಗಂಟೆ ಸುಮ್ಮನೆ ನಿಲ್ಲಲು ತಯಾರಿರುತ್ತಾರೆ, ಮಕ್ಕಳಿಗೆ ಐದು ನಿಮಿಷಕ್ಕೇ ಸಾಕಾಗುತ್ತದೆ. ಆದ್ದರಿಂದ ನಾಲ್ವರು ಕ್ಯಾಮೆರಾದವರು, ಅವರಷ್ಟೇ ಸಹನೆಯ ಇನ್ನು ನಾಲ್ವರು ಒಂದು ಗಾಡಿಗೆ. ಮಕ್ಕಳು, ಹಿರಿಯರು, ಉಳಿದವರು ಇನ್ನೊಂದಕ್ಕೆ. ಹಿಂದಿನ ಚಕ್ರದ ಮೇಲಿನ ಸಾಲಿಗೆ ಕುಲುಕಾಟ ಜಾಸ್ತಿ, ಸೊಂಟ ನೋವಿರುವವರನ್ನು ಅಲ್ಲಿ ಕೂರಿಸಬೇಡಿ. ಮಧ್ಯದ ಸಾಲು ಅಥವಾ ಚಾಲಕರ ಪಕ್ಕದ ಸೀಟು ಅವರಿಗೆ. ಸಂಜೆ ಅಂಚಿನಲ್ಲಿ ಕೂತವರು ಬೆಳಿಗ್ಗೆ ಒಳಗೆ ಕೂರಬೇಕು ಎಂದು ಬಸ್ಸಿನಲ್ಲಿ ಬರುವಾಗಲೇ ತೀರ್ಮಾನಿಸಿ. ಗೇಟಿನ ಹತ್ತಿರ ಆ ಚರ್ಚೆ ಮುಗಿಯುವುದಿಲ್ಲ.

ಒಳಗೆ ಹೋದ ಮೇಲೆ ಮೂರು ಗಂಟೆ ಇಳಿಯುವಂತಿಲ್ಲ. ಬೆಳಿಗ್ಗೆ ಅರ್ಧ ಲೋಟ ಕಾಫಿ ಸಾಕು. ಸಕ್ಕರೆ ಕಾಯಿಲೆಯವರ ಕೈಯಲ್ಲಿ ಎರಡು ಬಿಸ್ಕತ್ತು ಇರಲಿ, ತಿಂಡಿ ಸಿಗುವುದು ವಾಪಸ್ ಬಂದ ಮೇಲೆ. ವಾಂತಿ ಬರುವವರು ಹೊರಡುವ ಅರ್ಧ ಗಂಟೆ ಮೊದಲೇ ಮಾತ್ರೆ ತಗೊಳ್ಳಬೇಕು, ಗಾಡಿ ಹತ್ತಿದ ಮೇಲೆ ನುಂಗಿದರೆ ಅಷ್ಟಾಗಿ ಕೆಲಸ ಮಾಡುವುದಿಲ್ಲ.

ಹಕ್ಕಿ ನೋಡುವವರು, ಹುಣಸೂರು
ಏಪ್ರಿಲ್ ಅಂದರೆ ಹಿನ್ನೀರು ಇಳಿದಿರುತ್ತದೆ. ನೀರು ಬಿಟ್ಟ ನೆಲದಲ್ಲಿ ಹಸಿ ಹುಲ್ಲು ಬರುತ್ತದೆ, ಒಳಗಿನ ಕೆರೆಗಳು ಒಣಗಿರುತ್ತವೆ. ಆನೆಗಳು ದಡಕ್ಕೆ ಇಳಿಯುವುದು ಅದಕ್ಕೇ. ಹೊತ್ತು ಇಳಿದಂತೆ ಹಿಂಡು ಹೆಚ್ಚುತ್ತದೆ, ಜೊತೆಗೆ ಕಾಟಿ, ಜಿಂಕೆ. ಹಾಗಾಗಿ ಸಂಜೆ ದೋಣಿ, ಬೆಳಿಗ್ಗೆ ಜೀಪು. ದೋಣಿಯಲ್ಲಿ ಹಿರಿಯರಿಗೆ ಕುಲುಕಾಟವೂ ಇಲ್ಲ.

ಮೈಸೂರಿನಿಂದ
ಇದನ್ನು ನಾನು ಒಪ್ಪುವುದಿಲ್ಲ ಸರ್. ಸಂಜೆ ಜೀಪು, ಬೆಳಿಗ್ಗೆ ದೋಣಿ ಇರಲಿ. ಏಪ್ರಿಲ್‌ನಲ್ಲಿ ಮುಂಗಾರುಪೂರ್ವ ಮಳೆ ಬರುವುದು ಸಾಮಾನ್ಯವಾಗಿ ಮಧ್ಯಾಹ್ನ ಕಳೆದ ಮೇಲೆ. ಗುಡುಗು ಗಾಳಿ ಎದ್ದರೆ ದೋಣಿ ಬಿಡುವುದಿಲ್ಲ, ಬಿಟ್ಟಿದ್ದರೂ ತಿರುಗಿಸುತ್ತಾರೆ. ಇರುವ ಎರಡರಲ್ಲಿ ಒಂದು ಹೋದ ಹಾಗೆ. ಸಂಜೆಯ ಜೀಪಿನಿಂದಲೂ ದಡದ ಆನೆ ಕಾಣುತ್ತದೆ. ಬೆಳಿಗ್ಗೆ ನೀರು ಅಲುಗದೆ ಇರುತ್ತದೆ, ಬಿಸಿಲೇರಿದಂತೆ ಮೊಸಳೆ ದಡದಲ್ಲಿ ಮೈಕಾಯಿಸಲು ಬರುತ್ತದೆ, ನೀರಿನಲ್ಲಿ ನಿಂತ ಒಣಮರಗಳ ಮೇಲೆ ನೀರುಕಾಗೆ, ಹಾವಕ್ಕಿ ರೆಕ್ಕೆ ಬಿಚ್ಚಿ ಕೂತಿರುತ್ತವೆ.

ಹಕ್ಕಿ ನೋಡುವವರು, ಹುಣಸೂರು
ಮಳೆಯ ಮಾತು ಸರಿ. ಆದರೆ ಬೆಳಗಿನ ಜೀಪು ಬಿಟ್ಟರೆ ರಾತ್ರಿ ಓಡಾಡಿದ ಪ್ರಾಣಿಗಳ ಹೆಜ್ಜೆ ಓದುವ ಅವಕಾಶವೇ ಹೋಗುತ್ತದೆ. ಹಾಗಿದ್ದರೆ ಹೀಗೆ ಮಾಡಿ: ಕ್ಯಾಮೆರಾ ಗಾಡಿಯವರು ಎರಡು ಹೊತ್ತೂ ಜೀಪಿನಲ್ಲೇ ಹೋಗಲಿ, ಮಕ್ಕಳು ಮತ್ತು ಹಿರಿಯರ ಗುಂಪು ಸಂಜೆ ಜೀಪು, ಬೆಳಿಗ್ಗೆ ದೋಣಿ. ಮೊದಲೇ ತಿಳಿಸಿದರೆ ಇದು ಸಾಧ್ಯ. ಚಳಿಗಾಲದ ಪಟ್ಟೆತಲೆ ಹೆಬ್ಬಾತು ಮಾತ್ರ ಕೇಳಬೇಡಿ, ಅಷ್ಟರಲ್ಲಿ ಅವು ಹಿಮಾಲಯದ ಕಡೆ ಹೊರಟಿರುತ್ತವೆ. ದೋಣಿಯಲ್ಲಿ ಲೈಫ್ ಜಾಕೆಟ್ ಬಿಚ್ಚುವಂತಿಲ್ಲ. ಫೋಟೋಕ್ಕಾಗಿ ಎಲ್ಲರೂ ಒಂದೇ ಬದಿಗೆ ಹೋಗಬೇಡಿ.

ಕಾಡಂಚಿನ ಊರಿನವರು
ಕಾಡಿನಲ್ಲಿ ಕಣ್ಣಿಗಿಂತ ಕಿವಿ ಮುಖ್ಯ. ಬೆಳಿಗ್ಗೆ ಮೊದಲು ನೆಲ ನೋಡುತ್ತಾರೆ. ನಿನ್ನೆ ಸಂಜೆಯ ಟೈರಿನ ಗುರುತಿನ ಮೇಲೆ ಹುಲಿ ಹೆಜ್ಜೆ ಬಿದ್ದಿದ್ದರೆ ಅದು ರಾತ್ರಿಯೋ ನಸುಕಿನಲ್ಲೋ ನಡೆದದ್ದು. ಹೆಜ್ಜೆಯ ಮೇಲೆ ಟೈರು ಹರಿದಿದ್ದರೆ ಹಳೆಯದು. ಆಮೇಲೆ ಎಂಜಿನ್ ಆರಿಸಿ ಕೇಳುವುದು. ಜಿಂಕೆ ಕೂಗಿತು ಅಂತ ಕೂಡಲೇ ಕುಣಿಯಬೇಡಿ, ಅದು ಸೀಳುನಾಯಿಗೂ ಕೂಗುತ್ತದೆ, ಸುಮ್ಮನೆ ಬೆದರಿಯೂ ಕೂಗುತ್ತದೆ. ಕಡವೆ ಮತ್ತೆ ಮತ್ತೆ ಕೂಗಿದರೆ ಹುಲಿಯೋ ಚಿರತೆಯೋ ಹತ್ತಿರವಿದೆ ಎನ್ನುವ ಸಂಭವ ಹೆಚ್ಚು. ಮರದ ಮೇಲಿನ ಮುಸುವಕ್ಕೆ ನಮಗೆ ಕಾಣದ್ದು ಕಾಣುತ್ತದೆ, ಅದು ಯಾವ ಕಡೆ ದಿಟ್ಟಿಸುತ್ತಿದೆಯೋ ಆ ಕಡೆ ನೋಡಿ. ಕೂಗು ನಿಂತರೆ ಹುಲಿ ಹೋಯಿತು ಎಂದಲ್ಲ. ಎಷ್ಟೋ ಸಲ ಪೊದೆಯಲ್ಲಿ ಮಲಗಿರುತ್ತದೆ. ಕಾಲು ಗಂಟೆ ಕಾಯಿರಿ. ಗುಂಪುಗಳು ತಪ್ಪುವುದು ಇಲ್ಲೇ: ‘ಬೇರೆ ಕಡೆ ಹೋಗೋಣ ಬನ್ನಿ’ ಎಂದು ಚಾಲಕರನ್ನು ಅವಸರಪಡಿಸುತ್ತಾರೆ.

ಪ್ರಾಣಿ ಕಂಡಾಗ ಕೂಗುವುದಿಲ್ಲ, ಬೆರಳು ಚಾಚುವುದಿಲ್ಲ, ಪಕ್ಕದವರ ಭುಜ ತಟ್ಟಿ. ದಿಕ್ಕು ಹೇಳಲು ಗಾಡಿಯನ್ನು ಗಡಿಯಾರದ ಮುಖ ಅಂದುಕೊಳ್ಳಿ: ಮೂತಿ ಹನ್ನೆರಡು, ಬಲ ಮೂರು. ‘ಅಲ್ಲಿ, ಆ ಮರದ ಹತ್ತಿರ’ ಎಂದರೆ ತೇಗದ ಕಾಡಿನಲ್ಲಿ ಯಾವ ಮರ?

ಒಂಟಿಸಲಗ ಎದುರಾದರೆ ಎಲ್ಲವೂ ಚಾಲಕರಿಗೆ ಬಿಟ್ಟದ್ದು. ಕಿವಿ ಅಗಲಿಸಿ, ತಲೆ ಎತ್ತಿ, ಧೂಳೆಬ್ಬಿಸಿ ಬರುವುದು ಬಹುಮಟ್ಟಿಗೆ ಹೆದರಿಸಲು. ಕಿವಿ ಹಿಂದಕ್ಕೆ ಒತ್ತಿ ಸೊಂಡಿಲು ಒಳಗೆ ಸುತ್ತಿಕೊಂಡರೆ ಅಪಾಯ. ಕಣ್ಣು ಕಿವಿ ನಡುವೆ ಮದಜಲ ಸೋರುತ್ತಿದ್ದರೆ ಇನ್ನೂ ದೂರ ಇರಬೇಕು. ಆಗ ಕಿರುಚುವುದು, ಫ್ಲಾಷ್ ಹೊಡೆಯುವುದು, ಎದ್ದು ನಿಲ್ಲುವುದು ಮೂರೂ ಬೇಡ.

ಕ್ಯಾಮೆರಾ ಹಿಡಿಯುವವರು
ಟ್ರೈಪಾಡ್ ಮನೆಯಲ್ಲೇ ಇರಲಿ, ಜೀಪಿನಲ್ಲಿ ಬಿಚ್ಚಲು ಜಾಗವಿಲ್ಲ. ಲೆನ್ಸ್ ಊರಲು ಬಳಸುವ ಚೀಲ, ಅಂದರೆ ಖಾಲಿ ಬೀನ್ ಬ್ಯಾಗಿಗೆ ಎರಡು ಕೆಜಿ ಅಕ್ಕಿ ತುಂಬಿ, ಮುಕ್ಕಾಲು ಭಾಗ ಮಾತ್ರ. ಬಿಗಿಯಾಗಿ ತುಂಬಿದರೆ ಲೆನ್ಸ್ ಕೂರದೆ ಜಾರುತ್ತದೆ. 150-600 ಎಂಎಂ ಲೆನ್ಸ್ ಇದ್ದರೆ ಸಾಕು. ಬೆಳಗಿನ ಮೊದಲ ಮುಕ್ಕಾಲು ಗಂಟೆ ಮರದಡಿ ಕತ್ತಲೆ: ಐಎಸ್ಒ 3200, ನಿಂತ ಪ್ರಾಣಿಗೆ ಶಟರ್ 1/250. ಎಂಜಿನ್ ಆರಿಸಲು ಕೇಳಿಕೊಳ್ಳಿ, ಅದರ ನಡುಕ ಚಿತ್ರದಲ್ಲಿ ಕಾಣುತ್ತದೆ. ಬೆಳಕಾದ ಮೇಲೆ 1/800ರ ಕೆಳಗೆ ಇಳಿಯಬೇಡಿ, ದೋಣಿಯಲ್ಲಿ 1/1600. ಕಾಟಿ, ಆನೆಯಂಥ ಕಪ್ಪು ಮೈ ಚೌಕಟ್ಟು ತುಂಬಿದರೆ ಕ್ಯಾಮೆರಾ ಬೆಳಕು ಹೆಚ್ಚಿಸಿ ಬೂದು ಮಾಡುತ್ತದೆ, ಎಕ್ಸ್‌ಪೋಷರ್ ಅರ್ಧದಿಂದ ಒಂದು ಸ್ಟಾಪ್ ಇಳಿಸಿ. ಒಂಬತ್ತರ ನಂತರ ಒಣ ದಡದಾಚೆಯ ಆನೆಯ ಚಿತ್ರ ಕಲಸಿಹೋದಂತೆ ಬಂದರೆ ಲೆನ್ಸನ್ನು ಬೈಯಬೇಡಿ, ಕಾದ ನೆಲದ ಮೇಲಿನ ಗಾಳಿಯ ಅಲೆ ಅದು. ಧೂಳಿನಲ್ಲಿ ಲೆನ್ಸ್ ಬದಲಿಸಬೇಡಿ. ಕ್ಯಾಮೆರಾ ಮುಚ್ಚಲು ಹಳೇ ಪಂಚೆಯ ತುಂಡು ಸಾಕು.

ಕರಿಚಿರತೆಯ ಆಸೆ ಹೊತ್ತು ಬರುವವರು ಬಹಳ. ಎರಡು ಸಫಾರಿಯಲ್ಲಿ ಅದು ಕಾಣುವುದು ಬರೀ ಅದೃಷ್ಟ. ಗುಂಪಿನಲ್ಲಿ ಆ ಮಾತು ಎತ್ತದಿದ್ದರೆ ಒಳ್ಳೆಯದು, ಇಲ್ಲವಾದರೆ ಮುಂಗುಸಿ, ಕೆಂದಳಿಲು ಯಾವುದಕ್ಕೂ ಯಾರೂ ಗಾಡಿ ನಿಲ್ಲಿಸಲು ಬಿಡುವುದಿಲ್ಲ.

ಕೇಳಿದವರು, ಬೆಂಗಳೂರು
ಎಲ್ಲರಿಗೂ ಧನ್ಯವಾದ. ಎರಡು ಗುಂಪು ಮಾಡಿ ಲಾಡ್ಜ್‌ಗೆ ಪಟ್ಟಿ ಕಳಿಸುತ್ತೇವೆ. ವಾಪಸ್ ಬರುವಾಗ ಕೆಲವರು ಕೇರಳದ ಮಾನಂದವಾಡಿ ಕಡೆ ಹೋಗಬೇಕೆನ್ನುತ್ತಾರೆ. ಸಾಧ್ಯವೇ?

ಮೈಸೂರಿನಿಂದ
ಹೋಗಬಹುದು. ಅದೇ ರಸ್ತೆ ಕಾಡೊಳಗೆ ಗಡಿಯ ಬಾವಲಿ ಊರು ದಾಟಿ ಹೋಗುತ್ತದೆ. ರಾತ್ರಿ ಸಂಚಾರಕ್ಕೆ ನಿಷೇಧವಿದೆ, ಸಂಜೆ 6ಕ್ಕೇ ಗೇಟು ಬೀಳುತ್ತದೆ. ತಿಂಡಿ ಮುಗಿಸಿ ಹೊರಟರೆ ತೊಂದರೆಯಿಲ್ಲ. ಕಾಡೊಳಗೆ ಎಲ್ಲೂ ನಿಲ್ಲಿಸಿ ಇಳಿಯುವಂತಿಲ್ಲ, ಡ್ರೈವರಿಗೆ ಮೊದಲೇ ಹೇಳಿಡಿ.